ನೆರವು ಯಾರ ಕೈ ಸೇರಿತು?

ಪ್ರಶ್ನೆ: ಮಹಿಳೆಯರ ಏಳಿಗೆಗೆಂದು ಬರುವ ವಿದೇಶಿ ನೆರವು ನಿಜಕ್ಕೂ ಫಲ ಕೊಟ್ಟಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಬಹುತೇಕ ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿಯ ಲಿಂಗಸಮಾನತೆ ಸೂಚಕದಂತೆ ದಾನಿ ದೇಶಗಳು ಯೋಜನೆಗಳಿಗೆ 0, 1 ಅಥವಾ 2 ಅಂಕ ಕೊಡುತ್ತವೆ, ಲಿಂಗಸಮಾನತೆಯೇ ಮುಖ್ಯ ಗುರಿಯಾಗಿದ್ದರೆ 2. ಆದರೆ ಈ ಅಂಕ ಹೇಳುವುದು ಯೋಜನೆಯ ಉದ್ದೇಶವನ್ನೇ ಹೊರತು ಫಲವನ್ನಲ್ಲ ಎಂಬುದನ್ನು ವರದಿ ಓದುವವರು ಹಲವು ಬಾರಿ ಮರೆಯುತ್ತಾರೆ. ತರಬೇತಿಯ ಹಾಜರಿ ಪುಸ್ತಕದ ಮಾತೂ ಅಷ್ಟೇ. ಸಾಲದ ಪಾಸ್‌ಬುಕ್ಕಿನಲ್ಲಿ ಹೆಂಡತಿಯ ಹೆಸರಿದ್ದು, ಹಣವನ್ನು ಗಂಡ ಖರ್ಚು ಮಾಡಿ, ಕಂತನ್ನು ಮಾತ್ರ ಆಕೆಯೇ ತೀರಿಸುತ್ತಿದ್ದರೆ ಅದನ್ನು ಏಳಿಗೆ ಎನ್ನಲಾಗದು. ಆದ್ದರಿಂದ ಯೋಜನೆಗೆ ಮೊದಲಿನ ಸ್ಥಿತಿಯನ್ನು ದಾಖಲಿಸಿಕೊಂಡು, ನೆರವು ಸಿಗದ ಅಂಥದೇ ಮಹಿಳೆಯರ ಸ್ಥಿತಿಯೊಂದಿಗೆ ಹೋಲಿಸಿ, ಹಣ, ಸಮಯ, ಓಡಾಟಗಳ ತೀರ್ಮಾನ ಯಾರದೆಂದು ನೆರವು ಪಡೆದ ಮಹಿಳೆಯನ್ನೇ, ಅದೂ ಮನೆಯವರು ಎದುರಿಲ್ಲದಾಗ, ಕೇಳಬೇಕು. ನೆರವು ನಿಂತು ಎರಡು-ಮೂರು ವರ್ಷ ಕಳೆದ ಮೇಲೆ ಅದೇ ಪ್ರಶ್ನೆಗಳನ್ನು ಮತ್ತೊಮ್ಮೆ ಕೇಳಬೇಕು.