ಆ ಮೈ ಯಾಕೆ ಹಾಗಿದೆ?

ಮೇಡಂ, ನಿಮ್ಮ ಕಾಗದ ತಲುಪಿತು. ಹೋದ ಸಂಚಿಕೆಯ ಶಿಲುಬೆಯ ಚಿತ್ರ ನೋಡಿ ಮೊಮ್ಮಗಳು ಪುಸ್ತಕವನ್ನೇ ಬೋರಲು ಹಾಕಿಟ್ಟಳು ಅಂತ ಬರೆದಿದ್ದೀರಿ. ‘ಏಸುವಿನ ಮೈಯನ್ನು ಇಷ್ಟು ವಿಕಾರವಾಗಿ ಬರೆಯಬೇಕಿತ್ತಾ? ಅವನು ಬರೆದ ಸರಿ, ನೀವು ಅಚ್ಚು ಹಾಕಬೇಕಿತ್ತಾ?’ ಅಂತಲೂ ಕೇಳಿದ್ದೀರಿ.

ಮೊದಲು ನಮ್ಮ ತಪ್ಪು. ಚಿತ್ರದ ಕೆಳಗೆ ಬರೆದವನ ಹೆಸರು, ಕಾಲ ಅಷ್ಟೇ, ಗ್ರೂನೆವಾಲ್ಡ್, 1512-1516 ಅಂತ ಹಾಕಿ ಸುಮ್ಮನಾದೆವು. ಅದು ಯಾರ ಕಣ್ಣಿಗೆ ಅಂತ ಬರೆದದ್ದು ಎಂದು ಹೇಳಲೇ ಇಲ್ಲ.

ಆಲ್ಸೇಸ್‌ನ ಐಸೆನ್‌ಹೈಮ್ ಊರಿನ ಮಠದ ಪೂಜಾಪೀಠಕ್ಕೆ, ಹಲವು ಹಲಗೆಗಳ ಮೇಲೆ ಬರೆದ ಚಿತ್ರಗಳಲ್ಲೊಂದು ಅದು. ಈಗ ಫ್ರಾನ್ಸಿನ ಕೋಲ್ಮಾರ್ ಮ್ಯೂಸಿಯಂನಲ್ಲಿದೆ. ಆ ಮಠದ ಸನ್ಯಾಸಿಗಳು ಆಸ್ಪತ್ರೆ ನಡೆಸುತ್ತಿದ್ದರು. ಅಲ್ಲಿನ ಬಡವರ ರೊಟ್ಟಿ ರೈ ಧಾನ್ಯದ್ದು. ಆ ಬೆಳೆಗೆ ಒಂದು ಬೂಷ್ಟು ತಗಲುತ್ತದೆ, ತೆನೆಯಲ್ಲಿ ಕಾಳಿನ ಜಾಗದಲ್ಲಿ ಕಪ್ಪು ಕೋಡು ಮೂಡುತ್ತದೆ. ಅದು ಹಿಟ್ಟಿನಲ್ಲಿ ಸೇರಿದ ರೊಟ್ಟಿ ತಿಂದವರಿಗೆ ಕೈಕಾಲಿಗೆ ರಕ್ತ ಸರಿಯಾಗಿ ಹೋಗದೆ, ಬೆಂಕಿ ಇಟ್ಟ ಹಾಗೆ ಉರಿದು, ಆಮೇಲೆ ಕಪ್ಪಾಗಿ ಕೊಳೆತು, ಕಡೆಗೆ ಕತ್ತರಿಸಿಯೇ ಹಾಕಬೇಕಾಗುತ್ತಿತ್ತು. ಜನ ಅದನ್ನು ‘ಸಂತ ಆಂಟನಿಯ ಬೆಂಕಿ’ ಅನ್ನುತ್ತಿದ್ದರು. ಕಾರಣ ತಟ್ಟೆಯಲ್ಲೇ ಇದೆ ಅಂತ ಪಾಪ, ಆ ರೋಗಿಗಳಿಗೆ ಗೊತ್ತಿರಲಿಲ್ಲ.

ಈಗ ಚಿತ್ರವನ್ನು ಇನ್ನೊಮ್ಮೆ ನೋಡಿ, ಮೊಮ್ಮಗಳು ಪಕ್ಕದಲ್ಲಿಲ್ಲದಾಗ. ಸುಮಾರು 3 ಮೀಟರ್ ಅಗಲದ ಹಲಗೆ. ಗಾಯಗಳು ಚಾಟಿ ಏಟಿನವು, ಒಪ್ಪಿದೆ. ಆದರೆ ಚರ್ಮ ಹಸಿರಿಗೆ ತಿರುಗಿದೆ, ಮೈತುಂಬ ಮುಳ್ಳಿನ ಚೂರುಗಳು ಹಾಗೇ ನಾಟಿವೆ, ಕೈಬೆರಳುಗಳು ಸೆಟೆದು ಆಕಾಶಕ್ಕೆ ಚಾಚಿವೆ. ಮಂಚದಿಂದ ಎದ್ದು ಬಂದ ರೋಗಿ ಅಲ್ಲಿ ಕಂಡದ್ದು ಹೆಚ್ಚುಕಡಿಮೆ ತನ್ನದೇ ಚರ್ಮ, ಅಲ್ವಾ? ನುಣ್ಣಗೆ ಹೊಳೆಯುವ ಏಸು ಅವನ ಪಾಲಿಗೆ ಬೇರೆ ಯಾರೋ ಆಗಿಬಿಡುತ್ತಿದ್ದ. ಅದೇ ಪೀಠದ ಮತ್ತೊಂದು ಹಲಗೆಯ ಮೂಲೆಯಲ್ಲಿ, ಹೊಟ್ಟೆ ಊದಿ ಮೈಯೆಲ್ಲ ಹುಣ್ಣಾದ ಒಂದು ಜೀವ ಬಿದ್ದುಕೊಂಡಿದೆ. ನನಗಂತೂ ಶಿಲುಬೆಗಿಂತ ಅದೇ ಜಾಸ್ತಿ ಕಾಡುತ್ತದೆ.

ವಿಕಾರ ಅಂದಿರಿ. ಅದು ಬೇಕೆಂದೇ ಮಾಡಿದ ವಿಕಾರ. ಅದಕ್ಕೇ ಅಚ್ಚು ಹಾಕಿದ್ದಕ್ಕೆ ಕ್ಷಮೆ ಕೇಳುವುದಿಲ್ಲ, ಅರ್ಧ ಮಾತ್ರ ಹಾಕಿದ್ದಕ್ಕೆ ಕೇಳುತ್ತೇನೆ. ಈ ಪೀಠಕ್ಕೆ ಬಾಗಿಲಿನಂಥ ರೆಕ್ಕೆಗಳಿವೆ. ಶಿಲುಬೆಯ ಚಿತ್ರವೇ ಎರಡು ಪಾಲಾಗಿ ತೆರೆದರೆ ಒಳಗೆ, ಬಲಗಡೆ, ಏಸು ಸಮಾಧಿಯಿಂದ ಮೇಲೇಳುತ್ತಿದ್ದಾನೆ. ಹಿಂದೆ ದೊಡ್ಡ ಬೆಳಕಿನ ಚಕ್ರ. ಮೈಮೇಲೆ ಒಂದು ಹುಣ್ಣಿಲ್ಲ, ಶಿಲುಬೆಯ ಗಾಯದ ಗುರುತುಗಳು ಮಾತ್ರ ಉಳಿದಿವೆ. ಮುಂದಿನ ಸಂಚಿಕೆಯಲ್ಲಿ ಅದನ್ನು ಪೂರ್ತಿ ಪುಟಕ್ಕೆ ಹಾಕುತ್ತಿದ್ದೇವೆ. ಮೊಮ್ಮಗಳಿಗೆ ತೋರಿಸಿ, ಏನಂದಳು ಅಂತ ಒಂದು ಸಾಲು ಬರೆಯಿರಿ.

– ಸಂಪಾದಕ