ಹಳೆ ಬೇಸ್‌ಬಾಲ್ ಕಾರ್ಡು: ಸ್ಲ್ಯಾಬಿಗೋ, ಬಿಡಿಯಾಗಿಯೋ?

ಪ್ರಶ್ನೆ: ಅಮೆರಿಕದಲ್ಲಿದ್ದ ಚಿಕ್ಕಪ್ಪನ ಟ್ರಂಕಿನಲ್ಲಿ 1950ರ ದಶಕದ, ಟಾಪ್ಸ್ ಕಂಪನಿಯ ನಲವತ್ತು ಬೇಸ್‌ಬಾಲ್ ಕಾರ್ಡು (ಆಟಗಾರರ ಚಿತ್ರವಿರುವ ಸಂಗ್ರಹದ ಕಾರ್ಡು) ಸಿಕ್ಕಿವೆ. ಎಲ್ಲವನ್ನೂ ಗ್ರೇಡಿಂಗಿಗೆ ಕಳಿಸಲೇ?
– ಓದುಗರು, ಗೋಣಿಕೊಪ್ಪಲು

ಉತ್ತರ: ಬೇಡ. ಪಿಎಸ್‌ಎ, ಎಸ್‌ಜಿಸಿಯಂಥ ಅಮೆರಿಕದ ಗ್ರೇಡಿಂಗ್ ಕಂಪನಿಗಳು ಮೊದಲು ಕಾರ್ಡು ಅಸಲಿಯೇ, ಸವೆದದ್ದು ಮರೆಸಲು ಅಂಚು ಕತ್ತರಿಸಿದ್ದಾರೆಯೇ, ಬಣ್ಣ ಹಚ್ಚಿದ್ದಾರೆಯೇ ಎಂದು ನೋಡುತ್ತವೆ. ಆಮೇಲೆ 1ರಿಂದ 10ರೊಳಗೆ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ ಸ್ಲ್ಯಾಬಿನಲ್ಲಿ ಮುಚ್ಚುತ್ತವೆ. ಹಳೆ ಕಾರ್ಡಿಗೆ ಮೊದಲನೆಯ ಕೆಲಸವೇ ದೊಡ್ಡದು. ಮೂಲೆ ಸವೆದ, ಹೆಸರಾಂತ ಆಟಗಾರ ಮಿಕಿ ಮ್ಯಾಂಟಲ್ ಕಾರ್ಡಿಗೆ 2 ಅಂಕ ಬಂದರೂ ಕೊಳ್ಳುವವರಿದ್ದಾರೆ, ಏಕೆಂದರೆ ಆ ಆಟಗಾರನ ನಕಲಿಗಳು ಬೇಕಾದಷ್ಟಿವೆ, ಅಸಲಿ ಎಂಬ ಖಾತ್ರಿಗೇ ಬೆಲೆ. ಹೆಸರಿಲ್ಲದ ಆಟಗಾರನ ಕಾರ್ಡಿಗೆ 4 ಬಂದರೂ ಶುಲ್ಕವೇ ಹುಟ್ಟುವುದಿಲ್ಲ.

ಲೆಕ್ಕ ಹೀಗೆ ಹಾಕಿ: ನಿಮಗೆ ತೋಚಿದ ಅಂಕಕ್ಕಿಂತ ಒಂದು ಕಡಿಮೆ ಹಿಡಿಯಿರಿ. ಅದೇ ವರ್ಷದ, ಅದೇ ಸಂಖ್ಯೆಯ ಕಾರ್ಡು ಆ ಅಂಕದಲ್ಲಿ ಎಷ್ಟಕ್ಕೆ ಮಾರಾಟವಾಗಿದೆ ನೋಡಿ. ಕೇಳಿದ ಬೆಲೆಯಲ್ಲ, ಮಾರಾಟವಾದ ಬೆಲೆ. ಅದರಿಂದ ಬಿಡಿ (ಗ್ರೇಡ್ ಆಗದ) ಕಾರ್ಡಿನ ಬೆಲೆ, ಶುಲ್ಕ, ಹೋಗಿಬರುವ ವಿಮೆ ಸಹಿತ ಕೊರಿಯರ್ ಖರ್ಚು ಕಳೆಯಿರಿ. ಉಳಿದರೆ ಮಾತ್ರ ಕಳಿಸಿ. ಕಳಿಸುವಾಗ ರಫ್ತಿನ ಕಾಗದಪತ್ರ ಜೋಪಾನ; ಅವಿಲ್ಲದಿದ್ದರೆ ವಾಪಸಾಗುವ ನಿಮ್ಮದೇ ಕಾರ್ಡಿಗೆ ಹೊಸ ಮಾಲಿನಂತೆ ಸುಂಕ ಬೀಳಬಹುದು.

ಪ್ರಶ್ನೆ: ಬಿಡಿ ಕಾರ್ಡಿನ ಅಂಚು ಕತ್ತರಿಸಿದ್ದಾರೆಯೇ ಎಂದು ಮನೆಯಲ್ಲೇ ತಿಳಿಯಬಹುದೆ?
– ಓದುಗರು, ವಿರಾಜಪೇಟೆ

ಉತ್ತರ: ಬಹುಮಟ್ಟಿಗೆ. 1952ರಿಂದ 1956ರವರೆಗಿನ ಟಾಪ್ಸ್ ಕಾರ್ಡು ಸುಮಾರು 66.7 × 95.3 ಮಿ.ಮೀ., 1957ರಿಂದೀಚಿನದು 63.5 × 88.9. ಕಾರ್ಖಾನೆಯ ಕತ್ತರಿಯೇ ಕೂದಲೆಳೆಯಷ್ಟು ಆಚೀಚೆ ಹೋಗಿರುತ್ತದೆ, ಅಳತೆಯೊಂದನ್ನೇ ನಂಬಬೇಡಿ. ಅದೇ ವರ್ಷದ ನಾಲ್ಕೈದು ಅಗ್ಗದ ಕಾರ್ಡುಗಳ ನಡುವೆ ಇಟ್ಟು ಜೋಡಿಸಿ, ಬೆರಳಾಡಿಸಿ. ಗಿಡ್ಡ ಕಾರ್ಡು ಒಳಗೆ ತಗ್ಗುತ್ತದೆ. ನಂತರ 10 ಪಟ್ಟು ಭೂತಗನ್ನಡಿಯಲ್ಲಿ ನಾಲ್ಕೂ ಅಂಚು ನೋಡಿ. ಅರವತ್ತು-ಎಪ್ಪತ್ತು ವರ್ಷ ಗಾಳಿಗಿದ್ದ ಅಂಚು ಕಂದಿ, ನಾರು ಮೆತ್ತಗಾಗಿರುತ್ತದೆ. ಮೂರು ಅಂಚು ಹಾಗಿದ್ದು ನಾಲ್ಕನೆಯದು ಬೆಳ್ಳಗೆ, ಬ್ಲೇಡಿನ ಹಾಗೆ ಚೂಪಾಗಿದ್ದರೆ ಆ ಕಾರ್ಡನ್ನು ಕೈಬಿಡಿ.

ಕತ್ತಲಲ್ಲಿ ಯುವಿ ಟಾರ್ಚ್ ಹಾಯಿಸಿದಾಗ ಕಾಗದ ನೀಲಿಯಾಗಿ ಹೊಳೆದರೆ ಅದರಲ್ಲಿ ಬಿಳುಪುಕಾರಕವಿದೆ. 1909–11ರ ಟಿ206 (ಸಿಗರೇಟ್ ಪ್ಯಾಕಿನೊಡನೆ ಬರುತ್ತಿದ್ದ ಸರಣಿ) ಎಂದು ಮಾರುವ ಕಾರ್ಡು ಹೀಗೆ ಹೊಳೆದರೆ ನಕಲಿ; ಆ ಕಾಲದ ಕಾಗದದಲ್ಲಿ ಬಿಳುಪುಕಾರಕವಿರಲಿಲ್ಲ.

ಸ್ಲ್ಯಾಬ್ ಇದ್ದಮಾತ್ರಕ್ಕೆ ಕಣ್ಣು ಮುಚ್ಚುವಂತಿಲ್ಲ. ಪಿಎಸ್‌ಎ 1991ರಲ್ಲಿ ಮೊದಲು ಗ್ರೇಡ್ ಮಾಡಿದ್ದೇ ಆಟಗಾರ ಹೋನಸ್ ವ್ಯಾಗ್ನರ್‌ನ ಟಿ206; ಕೊಟ್ಟದ್ದು 8 ಅಂಕ. ಅದರ ಅಂಚು ತಾನೇ ಕತ್ತರಿಸಿದ್ದೆ ಎಂದು ವ್ಯಾಪಾರಿ ಬಿಲ್ ಮಾಸ್ಟ್ರೋ 2013ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ.

ಪ್ರಶ್ನೆ: ಕಕ್ಕಡದ ಮಳೆಗೆ ಮನೆಯ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಕಾರ್ಡು ಹೇಗೆ ಉಳಿಸಲಿ?
– ಓದುಗರು, ಮಡಿಕೇರಿ

ಉತ್ತರ: ಕೊಡಗಿನಲ್ಲಿ ಅಂಕಕ್ಕಿಂತ ದೊಡ್ಡ ಪ್ರಶ್ನೆ ಇದು. ಸ್ಲ್ಯಾಬ್ ನೀರು ತಡೆಯುವ ಡಬ್ಬಿಯಲ್ಲ. ತೇವದ ಗಾಳಿ ನಿಧಾನಕ್ಕೆ ಒಳನುಸುಳುತ್ತದೆ. ಹಾಗಾಗಿ ಗ್ರೇಡ್ ಆದದ್ದಕ್ಕೂ ಬಿಡಿಯದ್ದಕ್ಕೂ ಒಂದೇ ಆರೈಕೆ.

ಬಿಡಿ ಕಾರ್ಡನ್ನು ಪಾಲಿಪ್ರೊಪಿಲೀನ್ ತೆಳು ಕವರಿಗೆ, ಅದನ್ನು ಟಾಪ್‌ಲೋಡರಿಗೆ (ಮೇಲಿನಿಂದ ಕಾರ್ಡು ಇಳಿಸುವ ಗಟ್ಟಿ ಪ್ಲಾಸ್ಟಿಕ್ ಕವಚ) ಹಾಕಿ. ಹಳೆ ಪಿವಿಸಿ ಆಲ್ಬಮ್ ಬೇಡ. ಅದರ ಮೆದುಕಾರಕ ಜಿನುಗಿ ಮುಖ ಅಂಟುತ್ತದೆ. ರಬ್ಬರ್ ಬ್ಯಾಂಡ್ ಹತ್ತಿರವೂ ತರಬೇಡಿ. ರಬ್ಬರ್ ಬೀಡಿಂಗಿನ 10 ಲೀಟರ್ ಡಬ್ಬಿಯಲ್ಲಿ 100 ಗ್ರಾಂ ಸಿಲಿಕಾ ಜೆಲ್, ಜೊತೆಗೆ ಪುಟ್ಟ ತೇವಮಾಪಕ ಇಡಿ. ಮುಳ್ಳು 40ರಿಂದ 50 ಪ್ರತಿಶತದಲ್ಲಿರಲಿ. ಕೆಳಗಿಳಿದರೆ ಕಾರ್ಡು ಒಣಗಿ ಬಿಲ್ಲಿನಂತೆ ಬಾಗುತ್ತದೆ, ಆಗ ಜೆಲ್ ಸ್ವಲ್ಪ ತೆಗೆಯಿರಿ. ಕಿತ್ತಳೆ ಹರಳು ಹಸಿರಾದಾಗ 120 ಡಿಗ್ರಿ ಓವನ್ನಿನಲ್ಲಿ ಎರಡು ತಾಸು ಕಾಯಿಸಿ, ಪೂರಾ ಆರಿದ ಮೇಲೆ ಹಾಕಿ.

ಡಬ್ಬಿ ಹೊರಗೋಡೆಗೆ ತಾಗದಿರಲಿ, ಒಲೆಯ ಹೊಗೆ ಸೇರುವ ಅಟ್ಟಕ್ಕಂತೂ ಬೇಡ. ಮಳೆಗಾಲದ ಮಧ್ಯೆ ಕಾರ್ಡು ಕೊಂಡರೆ ಮೂರು ವಾರ ಬೇರೆ ಡಬ್ಬಿಯಲ್ಲಿಟ್ಟು, ದೀಪವನ್ನು ಓರೆಗೆ ಹಿಡಿದು ನೋಡಿ. ಒತ್ತಿ ಅಡಗಿಸಿದ ಮಡಿಕೆ ತೇವಕ್ಕೆ ಮತ್ತೆ ಎದ್ದು ಕಾಣುವುದುಂಟು.