9 ವರ್ಷದ ಮಗನಿಗೆ ಮುಂಬೈಯಲ್ಲಿ ಕೀಮೋ ನಡೆಯುತ್ತಿದೆ. ವಿಆರ್ ಗೇಮ್ (ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು, ಆಟದೊಳಗೇ ಇದ್ದೇವೆ ಅನ್ನಿಸುವಂಥದ್ದು) ಆಡಿಸಿದರೆ ವಾಂತಿ, ಸಂಕಟ ಕಡಿಮೆಯಾಗುತ್ತಾ? ಹೆಡ್‌ಸೆಟ್ ಕೊಳ್ಳಬಹುದಾ?

ಈಗಲೇ ದುಡ್ಡು ಹಾಕಬೇಡಿ. ನಾನು ಇಲ್ಲೇ ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್, ಊರು ಕುಮಟಾ. ಕಲಬುರಗಿ, ವಿಜಯಪುರದ ಕಡೆಯಿಂದ ಬಂದವರು ಕನ್ನಡ ಕಿವಿಗೆ ಬಿದ್ದ ಕೂಡಲೇ ನನ್ನನ್ನು ಹಿಡಿದುಕೊಳ್ಳುತ್ತಾರೆ. ಈಚೆಗೆ ಈ ಪ್ರಶ್ನೆಯೂ ಬರುತ್ತಿದೆ.

ಕೀಮೋ ಔಷಧಿಯಿಂದಲೇ ಬರುವ ವಾಂತಿಗೆ ಒಂಡಾನ್‌ಸೆಟ್ರಾನ್‌ನಂಥ ಮದ್ದೇ ಬೇಕು. ಗೇಮ್ ನಂಬಿ ಅದನ್ನು ತಪ್ಪಿಸಬೇಡಿ. ಇನ್ನೊಂದು ಬಗೆಯ ವಾಂತಿ ಔಷಧಿ ಮೈಗೆ ಸೇರುವ ಮೊದಲೇ ಶುರುವಾಗುತ್ತದೆ. ಕೆಲವು ಮಕ್ಕಳಿಗೆ ಸ್ಪಿರಿಟ್ ವಾಸನೆ ಬಂದರೆ ಸಾಕು, ಕೆಲವರಿಗೆ ಆಸ್ಪತ್ರೆಗೆ ಇಳಿಯುವ ಪರೇಲ್ ಸ್ಟೇಷನ್ ಬಂದರೇ ಸಾಕು, ಹೊಟ್ಟೆ ತೊಳಸುತ್ತದೆ. ನಾಟಕ ಅಂತ ಗದರಬೇಡಿ. ಹಿಂದಿನ ಸಲದ್ದು ಮೈಗೆ ನೆನಪಿರುತ್ತದೆ. ಗೇಮ್ ಕೆಲಸಕ್ಕೆ ಬರುವುದು ಇಲ್ಲಿ. ಅಮೆರಿಕದಲ್ಲಿ ವಿಲಿಯಂ ರೆಡ್ ಮತ್ತು ಸಂಗಡಿಗರು 1987ರಲ್ಲೇ ಸಾದಾ ವಿಡಿಯೋ ಗೇಮ್ ಆಡಿಸಿ ಈ ಬಗೆಯ ಓಕರಿಕೆ ಇಳಿಯುವುದನ್ನು ತೋರಿಸಿದ್ದರು. ಆಗ ಈ ಹೆಡ್‌ಸೆಟ್ ಎಲ್ಲಿತ್ತು?

ಸೂಜಿಯ ಹೊತ್ತಿಗೂ ಅಷ್ಟೇ. ಸಿಯಾಟಲ್‌ನಲ್ಲಿ ಸುಟ್ಟಗಾಯದವರಿಗೆಂದೇ 'ಸ್ನೋವರ್ಲ್ಡ್' ಅಂತ ವಿಆರ್ ಆಟ ಮಾಡಿದ್ದರು. ಅತ್ತ ಹಿಮದ ಉಂಡೆ ಎಸೆಯುವುದು, ಇತ್ತ ಗಾಯ ತೊಳೆಯುವುದು. ಗಮನ ಆಟಕ್ಕೆ ಹೋದಷ್ಟೂ ನೋವು ಕಡಿಮೆ ಅನ್ನಿಸುತ್ತದೆ. ಪೋರ್ಟ್‌ಗೆ (ಔಷಧಿ ಕೊಡಲು ಚರ್ಮದಡಿ ಕೂರಿಸಿದ ಪುಟ್ಟ ಡಬ್ಬಿ) ಸೂಜಿ ಹಾಕುವಾಗ ನಮಗೂ ಬೇಕಾದದ್ದು ಅದೇ. ಆದರೆ ಅಳು ಶುರುವಾಗುವ ಮೊದಲೇ ಹೆಡ್‌ಸೆಟ್ ಹಾಕಿಸಿ, ಆಮೇಲೆ ಹಾಕಿದರೆ ಕಿತ್ತೆಸೆಯುತ್ತಾರೆ. ಸೂಜಿ ಚುಚ್ಚುತ್ತಾರೆ ಅಂತ ಮಗುವಿಗೆ ಹೇಳಿಯೇ ಹೆಡ್‌ಸೆಟ್ ಹಾಕಿಸಿ. ಕಣ್ಣು ಕಟ್ಟಿ ಚುಚ್ಚಿದರು ಅನ್ನಿಸಿತೋ, ಮುಂದಿನ ಸಲ ಹತ್ತಿರವೂ ಬಿಟ್ಟುಕೊಳ್ಳುವುದಿಲ್ಲ.

ಕಾರ್ ರೇಸ್, ರೋಲರ್ ಕೋಸ್ಟರ್ ಬೇಡವೇ ಬೇಡ. ಕಣ್ಣು ಓಡುತ್ತಿದ್ದೇವೆ ಅನ್ನುತ್ತದೆ, ಒಳಕಿವಿ ಕೂತಿದ್ದೇವೆ ಅನ್ನುತ್ತದೆ. ಗಟ್ಟಿ ಆಳಿಗೇ ತಲೆ ಸುತ್ತುತ್ತದೆ, ಇನ್ನು ಈ ಮಕ್ಕಳ ಪಾಡು? ಕೂತಲ್ಲೇ ಆಡುವ ಆಟ ಇರಲಿ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿದಾಗ ಎದ್ದು ಆಡಿ ಬಿದ್ದರೆ ರಕ್ತಸ್ರಾವದ ಭಯ. ಬೇರೆ ಮಗು ಹಾಕಿದ ಹೆಡ್‌ಸೆಟ್ ಆದರೆ ಮುಖಕ್ಕೆ ತಾಗುವ ಭಾಗ ಒರೆಸಿಯೇ ಕೊಡಬೇಕು, ಸೋಂಕು ಬೇಗ ಹತ್ತುತ್ತದೆ. ಫಿಟ್ಸ್ ಬಂದಿದ್ದರೆ ಡಾಕ್ಟರನ್ನು ಕೇಳದೆ ಹಾಕಲೇಬೇಡಿ.

ಮೆಟಾ ಕಂಪನಿಯೇ ತನ್ನ ಕ್ವೆಸ್ಟ್ ಹೆಡ್‌ಸೆಟ್ 10 ವರ್ಷದೊಳಗಿನವರಿಗಲ್ಲ ಅನ್ನುತ್ತದೆ. ನಿಮ್ಮ ಮಗನಿಗೆ ಸದ್ಯಕ್ಕೆ ಮೊಬೈಲಿನಲ್ಲಿ ಅವನಿಷ್ಟದ ಆಟವೇ ಸಾಕು. ವಾಂತಿ ಯಾವಾಗ ಶುರುವಾಗುತ್ತದೆ ಅಂತ ಬರೆದಿಟ್ಟುಕೊಳ್ಳಿ: ದಾರಿಯಲ್ಲೇ, ಸಲೈನ್ ಹಚ್ಚಿದ ಮೇಲೆ, ಇಲ್ಲಾ ರೂಮಿಗೆ ಹೋದ ಮೇಲೆ. ಮುಂದಿನ ಸಲ ಆ ಚೀಟಿ ಡಾಕ್ಟರಿಗೆ ತೋರಿಸಿ, ವಾಂತಿ ಮದ್ದು ಬದಲಿಸಬೇಕಾ ಅಂತ ಅವರು ನೋಡುತ್ತಾರೆ.